ತೇರಿಗೆ ಕರೆದೊಯ್ಯಿರಿ, ತಯಾರಿ ಮಾಡಿಕೊಂಡು

ಪ್ರಶ್ನೆ: ನನ್ನ ಮಗನಿಗೆ 8 ವರ್ಷ, ಆಟಿಸಂ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಅಕ್ಕಪಕ್ಕದಲ್ಲಿ ತೆಲುಗು. ಹೊಸೂರಿನ ಬಸ್ಸಿನಲ್ಲಿ, ಬೇಟರಾಯಸ್ವಾಮಿ ತೇರಿನಲ್ಲಿ ಕಿವಿ ಮುಚ್ಚಿಕೊಂಡು ಚೀರುತ್ತಾನೆ. ‘ಹೊರಗೆ ಕರೆದುಕೊಂಡು ಹೋಗಬೇಡಿ, ಮನೆಯಲ್ಲೂ ತಮಿಳೊಂದನ್ನೇ ಮಾತಾಡಿ’ ಎನ್ನುತ್ತಾರೆ ನೆಂಟರು. ಏನು ಮಾಡಲಿ?
– ಓದುಗರು, ಡೆಂಕಣಿಕೋಟೆ

ಉತ್ತರ: ಈ ಎರಡು ಸಲಹೆಗಳನ್ನೂ ಒಪ್ಪಬೇಡಿ. ಎರಡೂ ಮಗುವಿನ ಪ್ರಪಂಚವನ್ನು ಕಿರಿದು ಮಾಡುತ್ತವೆ. ತಮಟೆ, ಪಟಾಕಿ, ಧ್ವನಿವರ್ಧಕ, ನೂಕುನುಗ್ಗಲು ನಮಗೆ ಹಬ್ಬದ ಸಡಗರ. ಆಟಿಸಂ ಇರುವ ಅನೇಕರಿಗೆ ಅದೇ ಸದ್ದು, ಬೆಳಕು, ಸ್ಪರ್ಶಗಳಲ್ಲಿ ಬೇಡದ್ದನ್ನು ಬದಿಗೆ ಸರಿಸುವುದು ಕಷ್ಟ. ಎಲ್ಲವೂ ಒಮ್ಮೆಲೇ ಮೈಮೇಲೆ ಬಿದ್ದಂತಾಗುತ್ತದೆ. ಇಂದ್ರಿಯಗಳ ಈ ಅತಿಸೂಕ್ಷ್ಮತೆಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಆಟಿಸಂನ ರೋಗನಿರ್ಣಯ ಲಕ್ಷಣಗಳ ಪಟ್ಟಿಗೇ ಸೇರಿಸಿತು. ಹಾಗಾಗಿ ಅವನ ಚೀರಾಟ ಹಠವಲ್ಲ. ಹಠ ಮಾಡುವ ಮಗು ಕೇಳಿದ್ದು ಸಿಕ್ಕರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಸದ್ದಿಗೆ ಸೋತ ಮಗುವಿಗೆ ಮಿಠಾಯಿ ಕೊಟ್ಟರೂ ಗದರಿದರೂ ಪ್ರಯೋಜನವಿಲ್ಲ. ಸದ್ದಿನಿಂದ ದೂರ ಹೋದ ಮೇಲೆ ನಿಧಾನವಾಗಿ ಸಮಾಧಾನವಾಗುತ್ತದೆ.

ಹಾಗಾಗಿ ತಯಾರಿ ಬೇಕು. ಜನ ಕಡಿಮೆ ಇರುವ ದಿನ ದೇವಸ್ಥಾನವನ್ನೂ ತೇರುಬೀದಿಯನ್ನೂ ತೋರಿಸಿ ಬನ್ನಿ. ಮೊದಲು ಏನು, ಆಮೇಲೆ ಏನು, ಮನೆಗೆ ಯಾವಾಗ ಎಂಬುದನ್ನು ಚಿತ್ರಗಳ ಸಾಲಿನಲ್ಲಿ ತಿಳಿಸಿ. ಸದ್ದು ತಗ್ಗಿಸುವ ಇಯರ್‌ಮಫ್ ಜೊತೆಗಿರಲಿ. ತೇರಿನಿಂದ ದೂರದ ಜಾಗ ಆರಿಸಿ. ಸಾಕು ಎನ್ನಲು ಕೈಸನ್ನೆಯೊಂದನ್ನು ಕಲಿಸಿ, ಅವನು ಸನ್ನೆ ಮಾಡಿದೊಡನೆ ಹೊರಟುಬಿಡಿ. ಬಸ್ಸನ್ನು ಅದು ಹೊರಡುವ ನಿಲ್ದಾಣದಲ್ಲೇ ಹತ್ತಿ, ಕಿಟಕಿಯ ಪಕ್ಕ ಕೂರಿಸಿ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಸಮಯ ಕೊಡಿ. ಅದನ್ನೇ ಮತ್ತೆ ಮತ್ತೆ ಕೇಳಿ ಒತ್ತಾಯಿಸಬೇಡಿ. ಆದರೆ ಇದುವರೆಗೆ ಇಲ್ಲದ ಚೀರಾಟ ಅಥವಾ ತಲೆ ಚಚ್ಚಿಕೊಳ್ಳುವುದು ಏಕಾಏಕಿ ಶುರುವಾದರೆ ವೈದ್ಯರಿಗೆ ತೋರಿಸಿ. ನೋವನ್ನು ಹೇಳಲಾರದ ಮಗುವಿನಲ್ಲಿ ಹಲ್ಲುನೋವು, ಕಿವಿಸೋಂಕು, ಮಲಬದ್ಧತೆ ಹೀಗೂ ಕಾಣಿಸಿಕೊಳ್ಳಬಹುದು.

‘ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೆ ಲೋಕಕ್ಕೆ ಹೊಂದಿಕೊಳ್ಳುವುದು ಯಾವಾಗ?’ ಎಂದು ಕೇಳುವವರಿದ್ದಾರೆ. ಅವರ ಕಾಳಜಿ ಸರಿಯಾದದ್ದೇ, ಮಗು ಲೋಕದಲ್ಲಿ ಬಾಳಲೇಬೇಕು. ಆದರೆ ಬಲವಂತದಿಂದ ಗದ್ದಲದಲ್ಲಿ ನಿಲ್ಲಿಸಿದರೆ ಮಗು ಕಲಿಯುವುದು ಭಯವನ್ನು. ಮುಂದಿನ ಸಲ ಬಸ್ಸು ಕಂಡರೇ ಚೀರುತ್ತದೆ. ತಾಳಿಕೊಳ್ಳುವಷ್ಟು ಹೊತ್ತು ಇದ್ದು ನೆಮ್ಮದಿಯಿಂದ ಮರಳಿದರೆ, ಮುಂದಿನ ಸಲ ತುಸು ಹೆಚ್ಚು ಹೊತ್ತು ಇರಲು ಧೈರ್ಯ ಬರುತ್ತದೆ. ಹೀಗೆ ಅನುಕೂಲ ಮಾಡಿಕೊಡುವುದು ದಾಕ್ಷಿಣ್ಯದ ಮಾತೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಒಂದು. ಇಂಥವರಿಗೆ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ.

ಇನ್ನು ಭಾಷೆ. ಹಲವು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆಟಿಸಂ ಇರುವ ಮಕ್ಕಳನ್ನು ಹೋಲಿಸಿ ಕೆನಡಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳ ನಡುವೆ ಬೆಳೆದವರಿಗೆ ಹೆಚ್ಚುವರಿ ಹಿನ್ನಡೆ ಕಂಡುಬರಲಿಲ್ಲ. ಶಾಲೆಗೆ ತಮಿಳು ಬೇಕೇ ಬೇಕು, ನಿಜ. 2006ರ ಕಾನೂನಿನಂತೆ ತಮಿಳುನಾಡಿನ ಶಾಲೆಗಳಲ್ಲಿ ಅದು ಕಡ್ಡಾಯ. ಅದನ್ನು ಶಾಲೆಯಲ್ಲಿ ಕಲಿಯಲಿ. ಮನೆಯ ಕನ್ನಡ ನಿಲ್ಲಿಸಿದರೆ, ನಾಳೆ ತೇರಿಗೆ ಹೋಗೋಣ, ಹೆದರಬೇಡ ಎಂದು ಧಾರಾಳವಾಗಿ ವಿವರಿಸಬಲ್ಲ ಅಜ್ಜಿ-ತಾತ, ತಾಯಿ-ತಂದೆಯೇ ಮಗುವಿನೆದುರು ಮಾತಿಗೆ ತಡಕಾಡಬೇಕಾಗುತ್ತದೆ. ಚಿತ್ರಗಳ ಜೊತೆಗೆ, ಚಿಕ್ಕ ವಾಕ್ಯಗಳಲ್ಲಿ, ಕನ್ನಡದಲ್ಲೇ ಮಾತಾಡಿ.

ತಜ್ಞರ ನೆರವಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಹೊಸೂರು ರಸ್ತೆಯಲ್ಲೇ ಇರುವುದರಿಂದ ನಿಮಗೆ ದೂರವಲ್ಲ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿಕೊಂಡು, ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆಗೆ ಅರ್ಜಿ ಹಾಕಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಊರಿನವರಲ್ಲಿ ಒಂದು ಕೋರಿಕೆ: ಬಸ್ಸಿನಲ್ಲಿ ಇಂಥ ಮಗು ಚೀರಿದಾಗ ತಾಯಿಯನ್ನು ದುರುಗುಟ್ಟಿ ನೋಡಬೇಡಿ, ಸಾಧ್ಯವಾದರೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡಿ.