ಅಣಬೆಯಲ್ಲ, ಹೂವು: ನೆಲದಡಿ ಬಾಳುವ ಒಂದು ಸಸ್ಯ ಕುಟುಂಬ



ತೋಟದಲ್ಲಿ ಅಣಬೆ ಕಂಡರೆ ಬೆಳೆಗಾರನ ಎದೆ ಧಸಕ್ಕೆನ್ನುವುದು ಸಹಜ. ಅಡಿಕೆ ಮರದ ಬುಡದಲ್ಲಿ ಎದ್ದರೆ ಅಣಬೆ ರೋಗ, ಕಾಫಿ ಗಿಡದ ಬುಡದಲ್ಲಾದರೆ ಬೇರು ರೋಗ ಎಂಬ ಭಯ. ಈ ಭಯ ಒಳ್ಳೆಯದೇ. ಆದರೆ ನೆಲದಿಂದ ಎದ್ದದ್ದೆಲ್ಲ ಅಣಬೆಯಲ್ಲ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿದ ಮೇಲೆ, ನಮ್ಮ ತೋಟದ ಮೇಲಂಚಿನ ಕಾನಿನಲ್ಲಿ ಕೆಂಪು ಮಿಶ್ರಿತ ಹಳದಿ ಬಣ್ಣದ ಗುಂಡು ತಲೆಗಳು ತರಗೆಲೆಯನ್ನು ಎತ್ತಿಕೊಂಡು ನಿಂತಿದ್ದವು. "ಅಯ್ಯಾ, ಅಣಬೆ ರೋಗ ಬಂತು ಕಾಣ್ತದೆ, ಕೆಳಗೆ ತೋಟಕ್ಕೆ ಇಳಿದೀತು" ಎಂದ ಮೇಸ್ತ್ರಿ. ನಾನೂ ಹೆದರಿ ಎಲ್ಲವನ್ನೂ ಅಗೆಸಿ ಸುಡಿಸಿದೆ. ಗುಂಡಿಗೆ ಸುಣ್ಣ ಹಾಕಿಸಿದೆ. ಕೊನೆಗೆ ಉಳಿದ ಒಂದು ಗಡ್ಡೆಯನ್ನು ಕತ್ತಿಯಿಂದ ಸೀಳಿದಾಗ ಮರದ ಬೇರು ಅದರೊಳಗೆ ಹೊಕ್ಕಿರುವುದು ಕಂಡಿತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವನು ನಾನು. ಪುಸ್ತಕದ ಚಿತ್ರ ನೆನಪಾಗುವ ಹೊತ್ತಿಗೆ ಉಳಿದವೆಲ್ಲ ಬೂದಿಯಾಗಿದ್ದವು.

ಇದು ಯಾವ ಸಸ್ಯ?

ಇದು ಬ್ಯಾಲನೋಫೊರೇಸಿ ಕುಟುಂಬದ ಹೂಬಿಡುವ ಸಸ್ಯ. ಕ್ಯಾಪ್ಟನ್ ಕುಕ್‌ನ ಎರಡನೆಯ ಯಾನದಲ್ಲಿ (1772–75) ಪೆಸಿಫಿಕ್ ದ್ವೀಪಗಳನ್ನು ಸುತ್ತಿದ ಫಾರ್ಸ್ಟರ್ ತಂದೆ-ಮಗ ಇದಕ್ಕೆ 'ಬ್ಯಾಲನೋಫೊರ ಫಂಗೋಸ' ಎಂದು ಹೆಸರಿಟ್ಟರು. ಬ್ಯಾಲನೋಫೊರ ಎಂದರೆ ಗ್ರೀಕ್ ಭಾಷೆಯಲ್ಲಿ ಓಕ್ ಕಾಯಿಯನ್ನು ಹೊತ್ತದ್ದು. ಫಂಗೋಸ ಎಂದರೆ ಅಣಬೆಯಂಥದ್ದು. ಪಂಡಿತರ ಕಣ್ಣಿಗೂ ಅಣಬೆಯಂತೆಯೇ ಕಂಡಿತೆಂದ ಮೇಲೆ ನಮ್ಮ ಮೇಸ್ತ್ರಿಯದೇನು ತಪ್ಪು? ಇದರ 'ಇಂಡಿಕ' ಎಂಬ ಉಪಪ್ರಭೇದ ನಮ್ಮ ಪಶ್ಚಿಮ ಘಟ್ಟದ ನಿತ್ಯಹಸಿರು ಕಾಡುಗಳಲ್ಲಿದೆ.

ಇದರ ಜೀವನ ಕ್ರಮ

ಬಂದಳಿಕೆ ನಮಗೆಲ್ಲ ಗೊತ್ತು. ಅದಕ್ಕೆ ಹಸಿರೆಲೆ ಇದೆ. ಮರದಿಂದ ಮುಖ್ಯವಾಗಿ ನೀರು, ಲವಣ ಹೀರಿ ಅಡಿಗೆಯನ್ನು ತಾನೇ ಮಾಡಿಕೊಳ್ಳುತ್ತದೆ. ಅದು ಅರೆ ಪರಾವಲಂಬಿ. ಬ್ಯಾಲನೋಫೊರ ಪೂರ್ಣ ಪರಾವಲಂಬಿ. ಇದಕ್ಕೆ ಪತ್ರಹರಿತ್ತಿಲ್ಲ, ಹಸಿರೆಲೆಯಿಲ್ಲ, ಮಣ್ಣಿನಿಂದ ಹೀರುವ ಸ್ವಂತ ಬೇರೂ ಇಲ್ಲ. ಧೂಳಿನಂಥ ಬೀಜ ಮರದ ಬೇರಿಗೆ ಅಂಟಿ ಮೊಳೆತು ಗಡ್ಡೆಯಾಗುತ್ತದೆ. ಆ ಗಡ್ಡೆಯಲ್ಲಿ ಮರದ ಅಂಗಾಂಶ ಮತ್ತು ಈ ಸಸ್ಯದ ಅಂಗಾಂಶ ಹೆಣೆದುಕೊಂಡಿರುತ್ತವೆ. ಬಾಳೆಲ್ಲ ನೆಲದಡಿಯೇ; ಹೂವಿನ ಕಾಲಕ್ಕೆ ಮಾತ್ರ ತಲೆ ಹೊರಗೆ. ಒಂದು ಹೆಣ್ಣು ತಲೆಯಲ್ಲಿ ಸಾವಿರಾರು ಹೂಗಳು. ಸಸ್ಯ ಲೋಕದ ಅತಿ ಚಿಕ್ಕ ಹೂಗಳಲ್ಲಿ ಇವೂ ಸೇರಿವೆ. ಗಡ್ಡೆಯಲ್ಲಿ ಮೇಣದಂಥ ವಸ್ತುವಿರುವುದರಿಂದ ಹಿಂದೆ ಜಾವಾ ದ್ವೀಪದಲ್ಲಿ ಇದರ ಜಾತಿಯೊಂದನ್ನು ದೀಪಕ್ಕೆ ಬಳಸುತ್ತಿದ್ದರು.

2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇನ್ನೂ ಸೋಜಿಗದ್ದು. ಹಸಿರು ಗಿಡಗಳ ಹರಿತ್ಕಣದಲ್ಲಿ ಸುಮಾರು ಒಂದೂವರೆ ಲಕ್ಷ ಅಕ್ಷರಗಳ ಅನುವಂಶಿಕ ಬರಹವಿರುತ್ತದೆ. ಎರಡು ಬ್ಯಾಲನೋಫೊರ ಪ್ರಭೇದಗಳಲ್ಲಿ ಅದು ಸುಮಾರು 15,500ಕ್ಕೆ ಇಳಿದಿದೆ. ಇತರ ಗಿಡಗಳಲ್ಲಿ 'ಇಲ್ಲಿಗೆ ನಿಲ್ಲಿಸು' ಎಂಬ ಅರ್ಥವಿರುವ ಒಂದು ಸಂಕೇತಕ್ಕೆ ಇಲ್ಲಿ ಬೇರೆಯೇ ಅರ್ಥ ಬಂದಿದೆ. ಅಡಿಗೆ ಮಾಡುವುದನ್ನೇ ಬಿಟ್ಟ ಮನೆಯಲ್ಲಿ ಒಲೆಗಲ್ಲು ಮಾತ್ರ ಉಳಿದಂತೆ.

ಗುರುತಿಸುವುದು ಹೇಗೆ?

1. ಅಣಬೆ ರೋಗದ ಅಣಬೆ ಅಡಿಕೆ ಮರದ ಬುಡಕ್ಕೇ ಅಂಟಿ, ಮರದ ಚಕ್ಕೆಯಂತೆ ಗಟ್ಟಿಯಾಗಿರುತ್ತದೆ. ಅದಕ್ಕೆ ಮೊದಲೇ ಕೆಳಗಿನ ಸೋಗೆ ಹಳದಿಯಾಗಿ ಜೋತಿರುತ್ತದೆ.

2. ಬ್ಯಾಲನೋಫೊರದ ದಪ್ಪ ದಂಟಿನ ಮೇಲೆ ಸಿಪ್ಪೆಯಂಥ ಎಲೆಗಳಿರುತ್ತವೆ. ನಾಯಿಕೊಡೆಯಂತೆ ತಲೆಯ ಅಡಿಯಲ್ಲಿ ತೆಳು ಪದರಗಳಿರುವುದಿಲ್ಲ.

3. ಕೈಯಿಂದ ಮಣ್ಣು ಸರಿಸಿದರೆ ಬೇರಿಗೆ ಅಂಟಿದ ಗಂಟು ಗಂಟಾದ ಗಡ್ಡೆ ಕಾಣುತ್ತದೆ. ನೋಡಿ, ಮಣ್ಣು ಮುಚ್ಚಿರಿ, ಕೀಳಬೇಡಿ.

ನಾವೇನು ಮಾಡಬೇಕು?

ನಿಜವಾದ ಅಣಬೆ ರೋಗವಾದರೆ ತಡಮಾಡದೆ ರೋಗದ ಮರದ ಸುತ್ತ ಕಂದಕ ತೆಗೆದು ಬೇರೆ ಮಾಡಿರಿ. ಆದರೆ ಬ್ಯಾಲನೋಫೊರಕ್ಕೆ ಔಷಧ, ಸುಣ್ಣ, ಬೆಂಕಿ ಯಾವುದೂ ಬೇಡ. ಇದು ಮರದ ಅನ್ನ ಉಣ್ಣುವುದು ನಿಜ. ಆದರೂ ನಾನು ಗಡ್ಡೆ ಕೀಳಿಸಿದ ಆ ಮರ ಮೊದಲೂ ಸೊಂಪಾಗಿತ್ತು, ಈಗಲೂ ಹಾಗೆಯೇ ಇದೆ. ನಾನು ಗಡ್ಡೆ ಕೀಳಿಸಿದ್ದರಿಂದ ಅದಕ್ಕೆ ಆದ ಲಾಭ ಏನೂ ಕಾಣಲಿಲ್ಲ.

ಬೇರೊಂದು ಜೀವದ ಬೇರನ್ನು ಬಿಟ್ಟು ಬದುಕಲಾರದ್ದು ಇದು. ಮರ ಕಡಿದರೆ ಇದೂ ಹೋಯಿತು. ಯಂತ್ರದಿಂದ ನೆಲ ತಟ್ಟು ಮಾಡಿಸಿದರೂ ಹೋಯಿತು. ಆದ್ದರಿಂದ ಕಾನಿನಲ್ಲೂ ಸೊಪ್ಪಿನ ಬೆಟ್ಟದಲ್ಲೂ ದರಗು ಗುಡಿಸುವಾಗ ಒಂದು ಮೂಲೆಯನ್ನಾದರೂ ಮುಟ್ಟದೆ ಬಿಡಿರೆಂದು ಸದಸ್ಯರಲ್ಲಿ ವಿನಂತಿ. ಎಲ್ಲಾದರೂ ಕಂಡರೆ ಸಂಘದ ಕಚೇರಿಗೆ ತಿಳಿಸಿರಿ. ಬಂದು ನೋಡಲು ನನಗೆ ಸಂತೋಷ.

ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಕಾನಿನ ಆ ಜಾಗಕ್ಕೆ ಹೋಗಿ ತರಗೆಲೆ ಸರಿಸಿ ನೋಡುತ್ತೇನೆ. ಇದುವರೆಗೆ ಒಂದೂ ಎದ್ದಿಲ್ಲ.

— ಕಾರ್ಯದರ್ಶಿ