ಭಾರದ ಜೀಪು, ಓಟದ ಹಾದಿ

ಕಳೆದ ಆಡಳಿತ ಮಂಡಳಿಯ ಸಭೆಗೆ ಎರಡು ಅರ್ಜಿಗಳು ಒಟ್ಟಿಗೇ ಬಂದವು. ಹೊನ್ನಾವರ ತಾಲೂಕಿನ ಸದಸ್ಯರೊಬ್ಬರು, ಸಂಘದ ಸಾಲದಲ್ಲಿ ತೋಟದ ಕೆಲಸಕ್ಕೆಂದು ಕೊಂಡ ಫೋರ್ ವೀಲ್ ಡ್ರೈವ್ ಗಾಡಿಯನ್ನು ತಮ್ಮ ಮಗ ಮೋಟಾರು ರ‍್ಯಾಲಿಗೆ ಒಯ್ಯುವವನಿದ್ದಾನೆ, ಸಂಘದ ಅಡ್ಡಿಯಿದೆಯೇ ಎಂದು ಕೇಳಿದ್ದರು. ಇನ್ನೊಂದು ಭಟ್ಕಳ, ಕುಮಟೆ ಕಡೆಯ ಕೆಲವು ತರುಣರದು. ಸದಸ್ಯರ ತೋಟಗಳ ನಡುವಣ ಖಾಸಗಿ ಮಣ್ಣುರಸ್ತೆಯನ್ನು ಒಂದು ದಿನದ ಮಟ್ಟಿಗೆ ಸ್ಪರ್ಧೆಗೆ ಬಿಟ್ಟುಕೊಡುವಿರಾ ಎಂಬುದು ಅವರ ಪ್ರಶ್ನೆ. ಮಂಡಳಿಯಲ್ಲಿ ಕೆಲವರು ನಕ್ಕರು, ಕೆಲವರು ಸಿಟ್ಟಾದರು. ವಿಷಯ ತಿಳಿದು ಮಾತಾಡಿದವರು ಮಾತ್ರ ಯಾರೂ ಇರಲಿಲ್ಲ, ನಾವೂ ಸೇರಿ. ಆದ್ದರಿಂದ ಓದಿ, ಕೇಳಿ, ಒಂದೆರಡು ಗ್ಯಾರೇಜುಗಳಲ್ಲಿ ಕುಳಿತು ತಿಳಿದುಕೊಂಡದ್ದನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ರ‍್ಯಾಲಿ ಎಂದರೆ ನಮ್ಮಲ್ಲಿ ಮೆರವಣಿಗೆ ಎಂದೇ ರೂಢಿ. ಮೋಟಾರು ರ‍್ಯಾಲಿ ಬೇರೆ. ಒಂದೇ ಗೆರೆಯಿಂದ ಎಲ್ಲರೂ ಒಟ್ಟಿಗೆ ಓಡುವ ಪಂದ್ಯವೂ ಇದಲ್ಲ. ಸಾರ್ವಜನಿಕರಿಗೆ ಪೂರ್ತಿ ಮುಚ್ಚಿದ ರಸ್ತೆಯ ತುಂಡಿಗೆ 'ಸ್ಪೆಷಲ್ ಸ್ಟೇಜ್' ಎನ್ನುತ್ತಾರೆ. ಅದರೊಳಕ್ಕೆ ಗಾಡಿಗಳನ್ನು ಒಂದೋ ಎರಡೋ ನಿಮಿಷದ ಅಂತರದಲ್ಲಿ ಒಂದೊಂದಾಗಿ ಬಿಡುತ್ತಾರೆ. ಪ್ರತಿಯೊಬ್ಬರ ಹೋರಾಟ ಗಡಿಯಾರದ ಜೊತೆ. ಇಂಥ ಹಲವು ಸ್ಟೇಜುಗಳ ಹೊತ್ತನ್ನು ಕೂಡಿದಾಗ ಕಡಿಮೆ ಬಂದವನೇ ಗೆದ್ದವನು. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವ ದಾರಿ ಎಲ್ಲರ ದಾರಿ, ಅಲ್ಲಿ ನಮ್ಮ ನಿಮ್ಮಂತೆಯೇ ಸಂಚಾರದ ನಿಯಮ ಪಾಲಿಸಿ, ಗೊತ್ತುಮಾಡಿದ ನಿಮಿಷಕ್ಕೆ ಸರಿಯಾಗಿ ತಲುಪಬೇಕು. ತಡವಾದರೆ ದಂಡದ ಸಮಯ ಬೀಳುತ್ತದೆ.

ಕಾಫಿ ಬೆಳೆಗಾರರಿಗೆ ಇದು ತೀರ ಹೊರಗಿನ ಸಂಗತಿಯೂ ಅಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯ ಹೆಸರನ್ನು ಹಳಬರು ಕೇಳಿರುತ್ತಾರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ನಡೆದ ಕಾಫಿ ಡೇ ಇಂಡಿಯಾ ರ‍್ಯಾಲಿ 2016ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಕೊನೆಯ ಸುತ್ತಾಗಿತ್ತು. ಆ ಚಾಂಪಿಯನ್‌ಶಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದ ದಿಲ್ಲಿಯ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅವರು ಮಹೀಂದ್ರ ಕಂಪನಿಯ ಎಕ್ಸ್‌ಯುವಿ500 ಎಂಬ ದೊಡ್ಡ ಗಾಡಿಯನ್ನು ರಾಷ್ಟ್ರೀಯ ರ‍್ಯಾಲಿಗಳಲ್ಲಿ ಓಡಿಸುವಾಗ ಪಕ್ಕದಲ್ಲಿ ಕುಳಿತು ದಾರಿ ಓದುತ್ತಿದ್ದವರು ಕಾಸರಗೋಡಿನ ಮೂಸಾ ಶರೀಫ್. ನಮ್ಮ ಕರಾವಳಿಯವರೇ ಎನ್ನಬಹುದು.

ಅದಕ್ಕೂ ಮುಂಚೆ ಈ ದೇಶದ ರ‍್ಯಾಲಿಗಳಲ್ಲಿ ಕಾಣುತ್ತಿದ್ದ ಫೋರ್ ವೀಲ್ ಡ್ರೈವ್ ಎಂದರೆ ಮಾರುತಿ ಜಿಪ್ಸಿ. 1985ರಲ್ಲಿ ಬಂದ ಈ ಗಾಡಿಯ ತೂಕ ಹೆಚ್ಚುಕಡಿಮೆ 1000 ಕಿಲೋ. ಎಕ್ಸ್‌ಯುವಿ500 ತೂಗುವುದು ಸುಮಾರು 1800 ಕಿಲೋ. ನಮ್ಮ ತರುಣರು ತರುವ ಇಂದಿನ ಗಾಡಿಗಳೂ ಈ ಎರಡನೆಯ ಸಾಲಿನವೇ. ಪಾಠ ಶುರುವಾಗುವುದು ಈ ತೂಕದಿಂದ.

ಹೈಸ್ಕೂಲಿನಲ್ಲಿ ಕಲಿತ ಲೆಕ್ಕವನ್ನು ನೆನೆಯೋಣ. ಓಡುವ ವಸ್ತುವಿನ ಶಕ್ತಿ ತೂಕದ ಪ್ರಮಾಣದಲ್ಲಿಯೂ ವೇಗದ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. 1000 ಕಿಲೋ ಗಾಡಿ ತಾಸಿಗೆ 80 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಶಕ್ತಿ ಸುಮಾರು 247 ಕಿಲೋಜೂಲ್. 1800 ಕಿಲೋ ಗಾಡಿಯಲ್ಲಿ ಅಷ್ಟೇ ಶಕ್ತಿ ತಾಸಿಗೆ 60 ಕಿ.ಮೀ.ಗೇ ತುಂಬಿಕೊಂಡಿರುತ್ತದೆ. ಅಂದರೆ ದೊಡ್ಡ ಗಾಡಿಯವನು ಅರುವತ್ತರಲ್ಲಿ ತಿರುವಿಗೆ ಬಂದಾಗ ಅವನ ಬ್ರೇಕಿನ ಮೇಲಿನ ಹೊರೆ, ಜಿಪ್ಸಿಯವನು ಎಂಬತ್ತರಲ್ಲಿ ಬಂದಾಗಿನಷ್ಟು. ನಾಲ್ಕೂ ಚಕ್ರಕ್ಕೆ ಎಳೆತವಿದೆ, ನಮಗೇನು ಭಯ ಎಂದು ಹುಡುಗರು ಹೇಳುವುದುಂಟು. ನಾಲ್ಕು ಚಕ್ರದ ಎಳೆತ ಗಾಡಿಯನ್ನು ಹೊರಡಿಸಲು, ಏರು ಹತ್ತಿಸಲು, ಸಡಿಲ ಮಣ್ಣಿನಲ್ಲಿ ತಿರುವಿನಿಂದ ಹೊರಗೆ ಎಳೆಯಲು ಬರುತ್ತದೆ. ನಿಲ್ಲಿಸುವಾಗ ಎರಡು ಚಕ್ರದ ಎಳೆತದ ಗಾಡಿಗೂ ಬ್ರೇಕು ನಾಲ್ಕೇ ಚಕ್ರಕ್ಕೆ.

ಇದನ್ನು ನಾವು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. 1998ರ ಮೇ ತಿಂಗಳು. ಸಾಗರದಿಂದ ಹಿಂಡಿಯ ಚೀಲ, ಮೈಲುತುತ್ತೆ ಹೇರಿಕೊಂಡು ನಮ್ಮ ಹಳೇ ಜೀಪಿನಲ್ಲಿ ಗೇರುಸೊಪ್ಪೆ ಘಟ್ಟ ಇಳಿಯುತ್ತಿದ್ದೆವು. ಅರ್ಧ ಘಟ್ಟ ಬ್ರೇಕಿನ ಮೇಲೆಯೇ ಕಾಲಿಟ್ಟು ಬಂದದ್ದು ನಮ್ಮದೇ ದಡ್ಡತನ. ಒಂದು ತಿರುವಿನಲ್ಲಿ ಪೆಡಲು ನೆಲಕ್ಕೆ ಹೋಗಿ ಕುಳಿತಿತು. ಹೇಗೋ ಒಂದನೇ ಗೇರಿಗೆ ಹಾಕಿ, ಗಾಡಿಯನ್ನು ಗುಡ್ಡದ ಬದಿಯ ಚರಂಡಿಗೆ ಉಜ್ಜಿ ನಿಲ್ಲಿಸಿದೆವು. ಪಕ್ಕದಲ್ಲಿ ಕುಳಿತಿದ್ದ ಭಾವ ಅದಾದ ಮೇಲೆ ಎರಡು ವರ್ಷ ನಮ್ಮ ಜೀಪು ಹತ್ತಲಿಲ್ಲ. ಅರ್ಧ ತಾಸು ತಣಿದ ಮೇಲೆ ಪೆಡಲು ತಾನಾಗಿ ಮೇಲೆ ಬಂತು! ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಎಣ್ಣೆ ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ಗೆ, ತೇವ ಹೀರಿದ ಮೇಲಿನ ಮಟ್ಟ 140. ಡಾಟ್ 4ಕ್ಕೆ ಈ ಅಂಕೆಗಳು 230 ಮತ್ತು 155. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿ ತುಂಬಿ ಪೆಡಲು ಟೊಳ್ಳಾಗುತ್ತದೆ. ನಮ್ಮ ಜೀಪಿನ ಎಣ್ಣೆ ಬದಲಿಸಿ ನಾಲ್ಕು ವರ್ಷವಾಗಿತ್ತು, ಅದೂ ನಾಲ್ಕು ಮಳೆಗಾಲ ಕಂಡ ಈ ಕರಾವಳಿಯಲ್ಲಿ. ರ‍್ಯಾಲಿಗೆ ಹೋಗುವವನು ಪ್ರತಿ ಸಲ ಹೊಸ ಎಣ್ಣೆ ಹಾಕುತ್ತಾನೆ. ರ‍್ಯಾಲಿಗೆ ಹೋಗದ ಸದಸ್ಯರೂ ಎರಡು ವರ್ಷಕ್ಕೊಮ್ಮೆ ಹಾಕಿಸಿದರೆ ಈ ಲೇಖನ ಬರೆದದ್ದು ಸಾರ್ಥಕ.

ಗಾಡಿ ಸಿದ್ಧಪಡಿಸುವುದೆಂದರೆ ಎಂಜಿನ್ನಿಗೆ ಬಲ ತುಂಬುವುದು ಎಂದು ಹುಡುಗರ ಭಾವನೆ. ಬಲ್ಲ ಮೆಕ್ಯಾನಿಕ್ಕುಗಳು ಅದನ್ನು ಕೊನೆಗೆ ಇಡುತ್ತಾರೆ. ಮೊದಲು ಭಾರ ಇಳಿಸುವುದು: ಹಿಂದಿನ ಸೀಟು, ಮೇಲಿನ ಕ್ಯಾರಿಯರು, ಕಬ್ಬಿಣದ ಬಂಪರು ಎಲ್ಲ ಹೊರಗೆ. ಮೇಲಿನ ಭಾರ ಇಳಿದಷ್ಟೂ ಗಾಡಿ ಮಗುಚುವ ಭಯ ಕಡಿಮೆ. ಸ್ಪ್ರಿಂಗು ಎತ್ತರಿಸಿ ದೊಡ್ಡ ಟೈರು ಹಾಕುವ ಇಂದಿನ ಚಾಳಿ ಕೆಸರಿನ ಗುಂಡಿ ದಾಟುವ ಆಟಕ್ಕೆ ಸರಿ, ವೇಗದ ತಿರುವಿಗೆ ಅದು ವೈರಿ. ಆಮೇಲೆ ಉಕ್ಕಿನ ಪಂಜರ. ಗಾಡಿ ಉರುಳಿದರೂ ಒಳಗಿದ್ದವರು ಜಜ್ಜಿಹೋಗದಂತೆ ಕಾಯುವುದು ಇದೇ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮುಖ್ಯ ಕಮಾನಿಗೆ ಜೋಡಣೆಯಿಲ್ಲದೆ ಎಳೆದ ಉಕ್ಕಿನ ಕೊಳವೆಯೇ ಆಗಬೇಕು, 45 ಮಿ.ಮೀ. ವ್ಯಾಸಕ್ಕೆ 2.5 ಮಿ.ಮೀ. ದಪ್ಪ, ಇಲ್ಲವೇ 50ಕ್ಕೆ 2. ನೀರಾವರಿ ಪೈಪು ಬಗ್ಗಿಸಿ ವೆಲ್ಡಿಂಗು ಮಾಡಿ ಬಣ್ಣ ಬಳಿದ ಪಂಜರವನ್ನು ನಾವು ಕಣ್ಣಾರೆ ಕಂಡಿದ್ದೇವೆ. ನೋಡಲಿಕ್ಕೆ ಅಚ್ಚುಕಟ್ಟು, ಒಳಗೆ ಕೂರುವವನಿಗೆ ಬೋನು.

ಎಂಜಿನ್ನಿನ ಅಡಿಗೆ ದಪ್ಪ ತಗಡಿನ ರಕ್ಷೆ, ಒಳ್ಳೆಯ ಶಾಕ್ ಅಬ್ಸಾರ್ಬರು, ಪಟ್ಟಿ ಸ್ಪ್ರಿಂಗಿದ್ದರೆ ನಡುವಿನ ಬೋಲ್ಟು ಮತ್ತು ಬುಷ್, ಸೀಟಿನ ಅಗಲ ಬೆಲ್ಟು, ಹೆಲ್ಮೆಟ್ಟು, ಬೆಂಕಿ ಆರಿಸುವ ಸಿಲಿಂಡರು. ಇವುಗಳ ವಿವರ ನಿಯಮಪುಸ್ತಕದಲ್ಲಿಯೇ ಇದೆ. ಧೂಳಿನ ಬಗ್ಗೆ ಮಾತ್ರ ಒಂದು ಮಾತು. ನಮ್ಮ ಚಿರೇಕಲ್ಲಿನ ಕೆಂಪು ಪುಡಿ ಗಾಳಿಯ ಫಿಲ್ಟರನ್ನು ಬೇಗ ಕಟ್ಟಿಸಿಬಿಡುತ್ತದೆ. ಹಳ್ಳ ದಾಟುವಲ್ಲಿ ಎಂಜಿನ್ನು ಗಾಳಿಯ ಬದಲು ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡು ಬಗ್ಗುತ್ತದೆ. ಡೀಸೆಲ್ಲಿಗೆ ನೀರಿನ ಭಯವಿಲ್ಲ ಎಂಬುದು ಸುಳ್ಳು. ಇನ್ನು ಹಳೇ ಜೀಪು, ಜಿಪ್ಸಿಗಳಲ್ಲಿ ಮುಂದಿನ ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ಗಿರಕಿ ತಿರುಗಿಸಿದರೆ ಗಾಡಿ ಬಿಗಿದುಕೊಂಡು ಗೇರುಪೆಟ್ಟಿಗೆ ತಿನ್ನುತ್ತದೆ. ಅದನ್ನು ಮಣ್ಣಿಗೇ ಇಟ್ಟುಕೊಳ್ಳಬೇಕು.

ಪಕ್ಕದಲ್ಲಿ ಕೂರುವವನ ಕೆಲಸ ನಮಗೆ ಎಲ್ಲಕ್ಕಿಂತ ಹಿಡಿಸಿತು. ಸ್ಪರ್ಧೆಗೆ ಮುಂಚೆ ಇಬ್ಬರೂ ನಿಧಾನ ವೇಗದಲ್ಲಿ ಹಾದಿ ನೋಡಿ ಬರೆದುಕೊಳ್ಳುತ್ತಾರೆ. ತಿರುವಿನ ಬಿಗುವಿಗೆ ಒಂದರಿಂದ ಆರರವರೆಗೆ ಅಂಕೆ, ಸಾಮಾನ್ಯವಾಗಿ ಒಂದು ಎಂದರೆ ತೀರ ಬಿಗಿ. 'ಎಡ ಮೂರು, ಮುಂದೆ ಬಿಗಿ, ಒಳಗೆ ಕಲ್ಲು, ಐವತ್ತು ಮೀಟರಿಗೆ ಬಲ ಐದು' ಎಂದು ಆತ ಓದುತ್ತ ಹೋದಂತೆ ಚಾಲಕ ತಾನಿನ್ನೂ ಕಾಣದ ತಿರುವಿಗೆ ಸಿದ್ಧನಾಗುತ್ತಾನೆ. ಅಪಘಾತವಾದರೆ ಹಿಂದಿನವರಿಗೆ ಕೆಂಪು ತ್ರಿಕೋನ ಇಡುವುದು, ಪೆಟ್ಟಿಲ್ಲದಿದ್ದರೆ 'ಓಕೆ' ಫಲಕ, ಪೆಟ್ಟಾಗಿದ್ದರೆ ಕೆಂಪು 'ಎಸ್‌ಓಎಸ್' ಫಲಕ ತೋರಿಸುವುದು ಇಬ್ಬರ ಹೊಣೆ. ಎಸ್‌ಓಎಸ್ ಕಂಡ ಸ್ಪರ್ಧಿ ಗೆಲುವನ್ನು ಬಿಟ್ಟು ನಿಲ್ಲಲೇಬೇಕು.

ಈಗ ರಸ್ತೆ ಕೊಡುವ ಪ್ರಶ್ನೆ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿಯ ಸ್ಟೇಜೊಂದು ನಡೆಯುತ್ತಿದ್ದಾಗ ಒಂದು ಮೋಟಾರುಬೈಕು ಓಟದ ಹಾದಿಗೆ ಬಂದು ಸ್ಪರ್ಧೆಯ ಕಾರಿಗೆ ಸಿಕ್ಕಿ, ಒಂದೇ ಮನೆಯ ಮೂವರು ತೀರಿಕೊಂಡರು. ಕಾರಿನಲ್ಲಿದ್ದವರಿಗೆ ಪಂಜರವಿತ್ತು, ಬೈಕಿನವರಿಗೆ ಏನಿತ್ತು? ನಮ್ಮ ಹಾದಿಗಳನ್ನು ಯೋಚಿಸಿ. ಪ್ರತಿ ತೋಟಕ್ಕೊಂದು ದಣಪೆ, ಪ್ರತಿ ದಣಪೆಗೊಂದು ಕಾಲುದಾರಿ. ಕೊನೆಗೌಡನಿಗೆ ಆ ದಿನ ರಸ್ತೆ ಮುಚ್ಚಿದೆಯೆಂದು ಹೇಳಿದವರು ಯಾರು? ಹಾಲು ಡೇರಿಗೆ ಒಯ್ಯುವ ಹೆಂಗಸರಿಗೆ? ಕಟ್ಟು ಬಿಚ್ಚಿಕೊಂಡ ದನಕ್ಕೆ ಹೇಳುವುದಂತೂ ಆಗದ ಮಾತು. ಕಾಫಿ ಸೀಮೆಯ ದೊಡ್ಡ ಎಸ್ಟೇಟಿನಲ್ಲಿ ಒಬ್ಬನೇ ಮಾಲಿಕ, ಎರಡು ಗೇಟು ಹಾಕಿದರೆ ರಸ್ತೆ ಮುಚ್ಚಿದಂತೆ. ಮೂವತ್ತು ಮನೆಗಳ ನಡುವಿನ ನಮ್ಮ ರಸ್ತೆಯಲ್ಲಿ ಒಂದೊಂದು ದಣಪೆಗೂ ಒಬ್ಬ ಕಾವಲಿನವ ಬೇಕು.

ಇನ್ನೂ ಎರಡು ತೊಡಕು. ಸೊಪ್ಪಿನಬೆಟ್ಟದ ಹಾದಿ ನಮ್ಮದೆಂದು ನಾವು ಭಾವಿಸಿದ್ದೇವೆ. ಬೆಟ್ಟ ಅರಣ್ಯಭೂಮಿ, ನಮಗಿರುವುದು ಸೊಪ್ಪು, ದರಕು ತರುವಂಥ ಸವಲತ್ತು ಮಾತ್ರ. ಅಲ್ಲಿ ಓಟ ನಡೆಸಲು ಒಪ್ಪಿಗೆ ಕೊಡಲು ನಾವು ಯಾರು? ಎರಡನೆಯದು, 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ರಾಜ್ಯ ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪಂದ್ಯ ಅಪರಾಧ. ಮೋಟಾರು ಕ್ರೀಡೆಯ ರಾಷ್ಟ್ರೀಯ ಫೆಡರೇಷನ್ ಚೆನ್ನೈಯಲ್ಲಿದೆ. ಅದರ ಅನುಮತಿ, ಸ್ಪರ್ಧಿಗಳಿಗೆ ಅದರ ಲೈಸೆನ್ಸು, ಸ್ಥಳದಲ್ಲಿ ವೈದ್ಯರು ಮತ್ತು ಆಂಬುಲೆನ್ಸು ಇಲ್ಲದ ಓಟಕ್ಕೆ ರ‍್ಯಾಲಿ ಎಂಬ ಹೆಸರು ಸಲ್ಲದು.

ಓಟ ಮುಗಿದ ಮೇಲಿನ ರಸ್ತೆಯ ಬಗ್ಗೆಯೂ ಹೇಳಬೇಕು. ಭಾರದ ಗಾಡಿಗಳು ತಿರುವಿನಲ್ಲಿ ಮಣ್ಣನ್ನು ಹೊರಬದಿಗೆ ಎಸೆದು ಗೀರು ಕೊರೆಯುತ್ತವೆ. ಮೊದಲ ಮಳೆಯ ನೀರು ಚರಂಡಿ ಬಿಟ್ಟು ಅದೇ ಗೀರು ಹಿಡಿದು ಕೆಳಗಿನ ತೋಟಕ್ಕೆ ನುಗ್ಗುತ್ತದೆ. ರಸ್ತೆ ರಿಪೇರಿಯ ಠೇವಣಿಯನ್ನು ಮೊದಲೇ ಸಂಘದಲ್ಲಿ ಇಡಿಸಿಕೊಳ್ಳದೆ ಯಾವ ಸದಸ್ಯರೂ ಒಪ್ಪಬಾರದೆಂದು ನಮ್ಮ ಅಭಿಪ್ರಾಯ.

ಮೊದಲನೆಯ ಅರ್ಜಿಗೆ ಉತ್ತರ ಸುಲಭವಾಯಿತು. ಸಾಮಾನ್ಯ ವಾಹನ ವಿಮೆಯ ಪತ್ರದಲ್ಲಿಯೇ ಸಂಘಟಿತ ಪಂದ್ಯ, ವೇಗದ ಪರೀಕ್ಷೆಗಳಿಗೆ ರಕ್ಷಣೆಯಿಲ್ಲ ಎಂದು ಅಚ್ಚಾಗಿದೆ. ಸಾಲ ತೀರುವವರೆಗೆ ಆ ಗಾಡಿ ಸಂಘಕ್ಕೆ ಅಡವು. ಸ್ಪರ್ಧೆಯಲ್ಲಿ ಅದು ಕಣಿವೆಗೆ ಬಿದ್ದರೆ ವಿಮೆಯೂ ಇಲ್ಲ, ಗಾಡಿಯೂ ಇಲ್ಲ, ತಂದೆಯ ಅಡಿಕೆಯಿಂದ ಕಂತು ಮುರಿದುಕೊಳ್ಳುವುದು ಮಾತ್ರ ಉಳಿಯುತ್ತದೆ. ಒಪ್ಪಿಗೆ ಇಲ್ಲವೆಂದು ಬರೆದಿದ್ದೇವೆ. ಹುಡುಗನಿಗೆ ನಿಜವಾದ ಆಸಕ್ತಿಯಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಹಳೇ ಜಿಪ್ಸಿಯೊಂದನ್ನು ಸ್ವಂತ ದುಡ್ಡಿನಲ್ಲಿ ಕೊಂಡು, ಮೊದಲೊಂದು ವರ್ಷ ಬೇರೆಯವರ ಪಕ್ಕದಲ್ಲಿ ಕುಳಿತು ದಾರಿ ಓದುವುದನ್ನು ಕಲಿಯಲಿ ಎಂದು ಬಾಯಿಮಾತಿನಲ್ಲಿ ಹೇಳಿದೆವು. ಮುಖ ಸಣ್ಣದು ಮಾಡಿಕೊಂಡು ಹೋದವನು ಮೊನ್ನೆ ಬಂದು ಡಾಟ್ 4 ಎಣ್ಣೆ ಎಲ್ಲಿ ಸಿಗುತ್ತದೆಂದು ಕೇಳಿದ.

ಎರಡನೆಯ ಅರ್ಜಿ ಮುಂದಿನ ಸಭೆಗೆ ಉಳಿದಿದೆ. ಅದಕ್ಕೂ ಮುಂಚೆ ಮಂಡಳಿಯವರು ಮೂವರು ಆ ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ನಡೆದು ದಣಪೆ, ಕಾಲುದಾರಿ, ಮೋರಿಗಳನ್ನು ಎಣಿಸಿ ಬರುವುದೆಂದು ತೀರ್ಮಾನವಾಗಿದೆ. ಬರುವ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಹೊರಡುತ್ತೇವೆ. ಆ ರಸ್ತೆಗೆ ಮನೆಯಿರುವ ಸದಸ್ಯರು ದಯವಿಟ್ಟು ತಮ್ಮ ತಮ್ಮ ದಣಪೆಯ ಹತ್ತಿರ ಇರಬೇಕು.