ಕ್ಯಾಮೆರಾ ಕಂಡದ್ದು, ಕ್ಲ್ಯಾಂಪ್ ಮೀಟರ್ ಹೇಳಿದ್ದು

ಮಾಲ್, ಆಸ್ಪತ್ರೆ, ಐಟಿ ಪಾರ್ಕ್, ಹೋಟೆಲ್, ಕಲ್ಯಾಣ ಮಂಟಪ, ಎಲ್ಲೆಡೆ ಈಗ ಥರ್ಮೋಗ್ರಫಿ ವರದಿ ಬೇಕೆನ್ನುತ್ತಾರೆ. ಒಂದು ಕಡೆ ವಿಮಾ ಕಂಪನಿ ಕೇಳಿರುತ್ತದೆ, ಇನ್ನೊಂದು ಕಡೆ ಸುರಕ್ಷತಾ ಆಡಿಟರ್. ಮತ್ತೊಂದು ಕಡೆ ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ ಹತ್ತಿರ ಬಂತೆಂಬ ಅವಸರ. ಕೇಳುವುದು ಒಳ್ಳೆಯದೇ. ಆದರೆ ಕೆಂಪು, ಹಳದಿ ಚಿತ್ರಗಳ ಫೈಲು ಕಪಾಟು ಸೇರಿದ ಮಾತ್ರಕ್ಕೆ ಕಟ್ಟಡಕ್ಕೆ ರಕ್ಷಣೆ ಸಿಗುವುದಿಲ್ಲ. ಹೊಸದಾಗಿ ಕ್ಯಾಮೆರಾ ಹಿಡಿಯುವವರಿಗೂ ಕಟ್ಟಡ ನೋಡಿಕೊಳ್ಳುವ ಎಂಜಿನಿಯರುಗಳಿಗೂ, ಪ್ಯಾನೆಲ್ ಕೋಣೆಗಳಲ್ಲಿ ಕಲಿತ ಕೆಲವನ್ನು ಹೇಳುತ್ತೇನೆ.

1. ಲೋಡ್ ಇರುವಾಗ ನೋಡಿ

ಸಡಿಲವಾದ ಜೋಡಣೆಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಅರ್ಧಕ್ಕಿಳಿದರೆ ಶಾಖ ಕಾಲು ಭಾಗಕ್ಕಿಳಿಯುತ್ತದೆ. ಹಾಗಾಗಿ ಭಾನುವಾರ ಬೆಳಿಗ್ಗೆ ಖಾಲಿ ಕಚೇರಿಯಲ್ಲಿ ಆರಾಮವಾಗಿ ಸ್ಕ್ಯಾನ್ ಮಾಡಿದರೆ ಎಲ್ಲವೂ ತಣ್ಣಗೆ ಕಾಣುತ್ತದೆ, ವರದಿಯೂ ಚೊಕ್ಕಟವಾಗಿ ಬರುತ್ತದೆ. ನನ್ನ ದೃಷ್ಟಿಯಲ್ಲಿ ಅಂಥ ವರದಿ ಇಲ್ಲದ್ದಕ್ಕಿಂತ ಅಪಾಯಕಾರಿ. ಅದನ್ನು ನಂಬಿ ಜನ ನಿಶ್ಚಿಂತರಾಗುತ್ತಾರೆ. ಕನಿಷ್ಠ 40 ಪ್ರತಿಶತ ಲೋಡ್ ಇರಬೇಕೆಂಬುದು ಈ ವೃತ್ತಿಯಲ್ಲಿ ಬಹುಕಾಲದಿಂದ ಒಪ್ಪಿಕೊಂಡು ಬಂದ ಮಾತು.

ಮಾಲ್‌ಗೆ ಶನಿವಾರ ಸಂಜೆ ಹೋಗಿ. ಬೆಂಗಳೂರಿನ ಐಟಿ ಕಟ್ಟಡವಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ, ಚಿಲ್ಲರ್‌ಗಳೆಲ್ಲ ಓಡುತ್ತಿರುವಾಗ. ಕಲ್ಯಾಣ ಮಂಟಪಕ್ಕೆ ಮುಹೂರ್ತದ ದಿನವೇ ಸರಿ: ಎಸಿ, ದೀಪಾಲಂಕಾರ, ಅಡುಗೆಮನೆ ಎಲ್ಲವೂ ಒಟ್ಟಿಗೆ ಕರೆಂಟ್ ಎಳೆಯುವುದು ಆಗಲೇ. ಡಿಜಿ ಸೆಟ್ಟಿನ ಕಡೆಯ ಜೋಡಣೆಗಳನ್ನು ಬಹಳಷ್ಟು ಜನ ಮರೆಯುತ್ತಾರೆ. ಕರೆಂಟ್ ಹೋಗದ ದಿನ ಅವುಗಳಲ್ಲಿ ಲೋಡೇ ಇರುವುದಿಲ್ಲವಲ್ಲ, ಡಿಜಿಗೆ ಲೋಡ್ ಹಾಕಿಸಿ, ಬಿಸಿ ಒಂದು ಮಟ್ಟಕ್ಕೆ ನಿಲ್ಲುವ ತನಕ ಕಾದು ನೋಡಬೇಕು.

2. ಹೊಳೆಯುವ ಲೋಹವನ್ನು ನಂಬಬೇಡಿ

ಕ್ಯಾಮೆರಾ ಅಳೆಯುವುದು ಹೊರಮೈಯಿಂದ ಬರುವ ಅವಗೆಂಪು ವಿಕಿರಣವನ್ನು. ಉಜ್ಜಿ ಹೊಳೆಯಿಸಿದ ತಾಮ್ರದ ಬಸ್‌ಬಾರಿನ ಎಮಿಸಿವಿಟಿ 0.1ಕ್ಕಿಂತ ಕಡಿಮೆ. ಅದು ತನ್ನ ಬಿಸಿಯನ್ನು ಅಷ್ಟಾಗಿ ಹೊರಸೂಸದೆ ಸುತ್ತಲಿನದನ್ನೇ ಪ್ರತಿಫಲಿಸುತ್ತದೆ. ಬಾರ್ 90 ಡಿಗ್ರಿ ಇದ್ದರೂ ಪರದೆಯ ಮೇಲೆ ಕೋಣೆಯ ಉಷ್ಣತೆಯ ಆಸುಪಾಸಿನ ಅಂಕಿಯೇ ಬರಬಹುದು. ಕಪ್ಪು ವಿನೈಲ್ ಟೇಪಿನ ಎಮಿಸಿವಿಟಿ ಸುಮಾರು 0.95. ಆದ್ದರಿಂದ ಲಗ್ಗಿನ ಪಕ್ಕದ ಕೇಬಲ್ ಇನ್ಸುಲೇಶನ್, ಹೀಟ್‌ಶ್ರಿಂಕ್ ತೋಳು, ಬಣ್ಣ ಬಳಿದ ಭಾಗ, ಇವುಗಳ ಮೇಲೆ ಗುರಿಯಿಡಿ. ಮುಖ್ಯ ಜೋಡಣೆಗಳಿಗೆ ಶಟ್‌ಡೌನ್ ಸಿಕ್ಕಾಗಲೇ ಟೇಪಿನ ಗುರುತು ಹಾಕಿಸಿಟ್ಟರೆ ಮುಂದಿನ ವರ್ಷಗಳಿಗೂ ಉಪಯೋಗ. ಬಿಸಿ ಚುಕ್ಕೆ ನೀವು ಪಕ್ಕಕ್ಕೆ ಸರಿದಂತೆಲ್ಲ ತಾನೂ ಸರಿದರೆ ಅದು ಪ್ರತಿಫಲನ. ಅನೇಕ ಸಲ ನಿಮ್ಮದೇ ಮೈಯ ಬಿಸಿ.

ಟರ್ಮಿನಲ್ ಮುಂದಿನ ಪಾರದರ್ಶಕ ಅಕ್ರಿಲಿಕ್ ಹಾಳೆ ಕಣ್ಣಿಗೆ ಮಾತ್ರ ಪಾರದರ್ಶಕ. ಈ ಕ್ಯಾಮೆರಾಗಳಿಗೆ ಅದೊಂದು ಗೋಡೆ. ಗಾಜೂ ಹಾಗೆಯೇ.

3. ಮುಚ್ಚಳ ತೆಗೆಯುವ ಗಳಿಗೆ

ಇಡೀ ಕೆಲಸದಲ್ಲಿ ಅತಿ ಅಪಾಯದ ಹೊತ್ತು ಇದು. ಲೋಡ್ ಬೇಕು, ಅಂದರೆ ಪ್ಯಾನೆಲ್ ಚಾಲೂ ಇರಲೇಬೇಕು; ಹಾಗಿರುವಾಗಲೇ ಮುಚ್ಚಳ ಬಿಚ್ಚಬೇಕು. ಕೈಜಾರಿದ ಒಂದು ಸ್ಕ್ರೂ ಬಸ್‌ಬಾರುಗಳ ನಡುವೆ ಬಿದ್ದರೆ ಆರ್ಕ್ ಫ್ಲ್ಯಾಶ್ ಆಗುತ್ತದೆ, ಎದುರು ನಿಂತವರ ಮುಖ, ಕೈ ಸುಡುತ್ತದೆ. ಮುಚ್ಚಳ ತೆಗೆಯುವವರು ಆ ಪ್ಯಾನೆಲ್ ಬಲ್ಲ ಅಧಿಕೃತ ಎಲೆಕ್ಟ್ರಿಷಿಯನ್ ಆಗಿರಲಿ, ಆರ್ಕ್ ತಡೆಯುವ ಉಡುಪು ಮತ್ತು ಮುಖಕವಚ ಇರಲಿ. ಕ್ಯಾಮೆರಾ ಹಿಡಿದವರು ಪರದೆ ನೋಡುತ್ತಾ ಮುಂದಕ್ಕೆ ಹೆಜ್ಜೆಯಿಡುವುದೇ ಬೇಡ. ಹೊಸ ಪ್ಯಾನೆಲ್‌ಗೆ ಆರ್ಡರ್ ಕೊಡುವಾಗಲೇ ಇನ್‌ಫ್ರಾರೆಡ್ ಕಿಂಡಿ ಕೂರಿಸಲು ಹೇಳಿ ಎಂದು ಕಟ್ಟಡದ ಮಾಲೀಕರನ್ನು ನಾನು ಒತ್ತಾಯಿಸುತ್ತೇನೆ. ಖರ್ಚು ಒಮ್ಮೆ, ಆಮೇಲೆ ಪ್ರತಿ ತಪಾಸಣೆಯಲ್ಲೂ ಮುಚ್ಚಳ ಮುಚ್ಚಿಯೇ ಇರುತ್ತದೆ.

4. ಬಿಸಿಯ ಆಕಾರವನ್ನು ಓದಿ

ಜೋಡಣೆಯ ಬಳಿ ಅತಿ ಬಿಸಿ, ಕೇಬಲ್ ಉದ್ದಕ್ಕೂ ದೂರ ಹೋದಂತೆ ತಂಪು: ಇದು ಸಡಿಲ ಅಥವಾ ತುಕ್ಕು ಹಿಡಿದ ಜೋಡಣೆಯ ಲಕ್ಷಣ. ಕೇಬಲ್ ಉದ್ದಕ್ಕೂ ಒಂದೇ ಸಮ ಬಿಸಿಯಿದ್ದರೆ ಸ್ಪ್ಯಾನರ್ ಎತ್ತಬೇಡಿ. ಅದು ಓವರ್‌ಲೋಡ್ ಇರಬಹುದು, ಮೂರು ಫೇಸ್‌ಗಳ ನಡುವಿನ ಅಸಮತೋಲನ ಇರಬಹುದು. ತಣ್ಣಗಿರುವುದೂ ದೋಷವಾಗಬಹುದು: ಕೆಪಾಸಿಟರ್ ಬ್ಯಾಂಕಿನಲ್ಲಿ ಒಂದು ಫೇಸ್ ಮಾತ್ರ ತಂಪಾಗಿದ್ದರೆ ಫ್ಯೂಸ್ ಹೋಗಿದೆಯೇ ನೋಡಿ.

ಕಂಪ್ಯೂಟರ್, ಯುಪಿಎಸ್, ಎಲ್‌ಇಡಿ ದೀಪಗಳು ತುಂಬಿದ ಕಚೇರಿಗಳಲ್ಲಿ ನ್ಯೂಟ್ರಲ್ಲನ್ನು ಬಿಡಲೇಬೇಡಿ. ಮೂರನೇ ಹಾರ್ಮೋನಿಕ್ ಕರೆಂಟುಗಳು ನ್ಯೂಟ್ರಲ್ಲಿನಲ್ಲಿ ಒಂದನ್ನೊಂದು ರದ್ದು ಮಾಡದೆ ಕೂಡಿಕೊಳ್ಳುತ್ತವೆ. ಹೀಗಾಗಿ ಫೇಸ್‌ಗಳು ಸಮತೋಲನದಲ್ಲಿದ್ದರೂ ನ್ಯೂಟ್ರಲ್ ಕಾಯುತ್ತದೆ, ಅದಕ್ಕೆ ಟ್ರಿಪ್ ಆಗುವ ರಕ್ಷಣೆಯೂ ಅನೇಕ ಕಡೆ ಇರುವುದಿಲ್ಲ. ಇನ್ನೊಂದು: ದೊಡ್ಡ ಸಿಂಗಲ್ ಕೋರ್ ಕೇಬಲ್‌ಗಳು ಉಕ್ಕಿನ ಗ್ಲ್ಯಾಂಡ್ ಪ್ಲೇಟಿನ ಬೇರೆ ಬೇರೆ ತೂತುಗಳಲ್ಲಿ ಹಾದುಹೋದರೆ ಸುಳಿ ಕರೆಂಟಿನಿಂದ ಪ್ಲೇಟೇ ಕಾಯುತ್ತದೆ. ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಅಲ್ಯೂಮಿನಿಯಂ ಪ್ಲೇಟ್ ಹಾಕಿಸಬೇಕು.

5. ಪ್ರತಿ ಚಿತ್ರದ ಪಕ್ಕ ಆಂಪಿಯರ್ ಬರೆಯಿರಿ

ಆರ್, ವೈ, ಬಿ ಮೂರೂ ಫೇಸ್‌ಗಳ ಕರೆಂಟನ್ನು ಕ್ಲ್ಯಾಂಪ್ ಮೀಟರಿನಲ್ಲಿ ಅಳೆದು ಬರೆಯದ ಚಿತ್ರಕ್ಕೆ ಅರ್ಥವಿಲ್ಲ. ಒಂದೇ ಬಗೆಯ ಲೋಡಿನಲ್ಲಿರುವ ಒಂದೇ ಬಗೆಯ ಭಾಗಗಳ ನಡುವೆ 15 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಕ್ಷಣ ದುರಸ್ತಿ ಎನ್ನುತ್ತದೆ ಅಮೆರಿಕದ ನೀಟಾ ಸಂಸ್ಥೆಯ ಪಟ್ಟಿ. ನಮ್ಮಲ್ಲೂ ಬಹಳ ಜನ ಅದನ್ನೇ ಬಳಸುತ್ತಾರೆ. ಆದರೆ ಅರ್ಧ ಲೋಡಿನಲ್ಲಿ ಕಂಡ 12 ಡಿಗ್ರಿ ವ್ಯತ್ಯಾಸ ಪೂರ್ಣ ಲೋಡಿನಲ್ಲಿ ಮೂರು ನಾಲ್ಕು ಪಟ್ಟಾಗುತ್ತದೆ. ಪಟ್ಟಿ ನೋಡಿ ಅದನ್ನು ‘ಮುಂದೆ ನೋಡೋಣ’ ಎಂಬ ಸಾಲಿಗೆ ಹಾಕುವುದು ತಪ್ಪು. ಎಂಸಿಸಿಬಿಯ ಹೊರಕವಚದಲ್ಲಿ ಕಾಣುವ ಸಣ್ಣ ವ್ಯತ್ಯಾಸವೂ ಅಷ್ಟೆ, ಒಳಗಿನ ಕಾಂಟ್ಯಾಕ್ಟ್ ಅದಕ್ಕಿಂತ ಬಹಳ ಬಿಸಿ ಇರುತ್ತದೆ. ಹೋಲಿಕೆ ಬದಿಗಿರಲಿ, ಪಿವಿಸಿ ಇನ್ಸುಲೇಶನ್ನಿನ ಮಿತಿ 70 ಡಿಗ್ರಿ, ಎಕ್ಸ್‌ಎಲ್‌ಪಿಇಯದು 90. ಮೂರೂ ಫೇಸ್ ಸಮನಾಗಿ ಮಿತಿ ದಾಟಿದ್ದರೆ ವ್ಯತ್ಯಾಸ ಸೊನ್ನೆ ಎಂದು ಸಮಾಧಾನಪಡುವಂತಿಲ್ಲ.

6. ಬಿಗಿಯುವುದೊಂದೇ ಮದ್ದಲ್ಲ

ಅಲ್ಯೂಮಿನಿಯಂ ಒತ್ತಡದಲ್ಲಿ ನಿಧಾನವಾಗಿ ಹರಡಿಕೊಳ್ಳುವ ಲೋಹ. ಸುಟ್ಟ ಲಗ್ಗನ್ನು ಹಾಗೆಯೇ ಇನ್ನಷ್ಟು ಬಿಗಿದರೆ ಕೆಲವು ತಿಂಗಳು ತಡೆದೀತು, ಮತ್ತೆ ಕಾಯುತ್ತದೆ. ಬಿಚ್ಚಿ, ಆಕ್ಸೈಡ್ ಪದರ ತೆಗೆದು, ಬೇಕಾದರೆ ಹೊಸ ಲಗ್ ಕ್ರಿಂಪ್ ಮಾಡಿ, ಟಾರ್ಕ್ ರೆಂಚ್‌ನಿಂದ ತಯಾರಕರು ಹೇಳಿದಷ್ಟೇ ಬಿಗಿಯಬೇಕು. ತಾಮ್ರದ ಬಾರಿಗೆ ಅಲ್ಯೂಮಿನಿಯಂ ಕೇಬಲ್ ಸೇರುವಲ್ಲಿ ಬೈಮೆಟಾಲಿಕ್ ಲಗ್ ಬೇಕು. ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರಿನಲ್ಲಿ ಇದನ್ನು ಕಡೆಗಣಿಸಿದರೆ ಜೋಡಣೆ ಬೇಗನೆ ಕೊರೆದುಹೋಗುತ್ತದೆ.

7. ಮತ್ತೆ ಸ್ಕ್ಯಾನ್ ಮಾಡಿ, ನೋಡದ್ದನ್ನೂ ಬರೆಯಿರಿ

ದುರಸ್ತಿಯ ನಂತರ ಅದೇ ಲೋಡಿನಲ್ಲಿ, ಅದೇ ಕೋನದಿಂದ ತೆಗೆದ ಎರಡನೇ ಚಿತ್ರ ಇಲ್ಲದಿದ್ದರೆ ದುರಸ್ತಿ ಆಯಿತೆಂಬುದಕ್ಕೆ ಪುರಾವೆಯಿಲ್ಲ. ವಿದ್ಯುತ್ ಉಪಕರಣಗಳ ನಿರ್ವಹಣೆ ಕುರಿತ ಎನ್‌ಎಫ್‌ಪಿಎ 70ಬಿ ದಾಖಲೆ 2023ರಲ್ಲಿ ಸಲಹೆಯ ಹಂತದಿಂದ ಮಾನದಂಡದ ಹಂತಕ್ಕೇರಿದಾಗ ವರ್ಷಕ್ಕೊಮ್ಮೆ ಥರ್ಮೋಗ್ರಫಿ ಕೇಳಿತು, ಸ್ಥಿತಿ ಕೆಟ್ಟ ಉಪಕರಣಕ್ಕೆ ಆರು ತಿಂಗಳಿಗೊಮ್ಮೆ. ಅಮೆರಿಕದ ಮಾತಾದರೂ ನಮ್ಮ ಕಟ್ಟಡಗಳಿಗೂ ಇದು ಹೊಂದುವ ಲೆಕ್ಕ.

ವರದಿಯ ಕೊನೆಗೆ ನಾನು ಒಂದು ಪಟ್ಟಿ ಸೇರಿಸುತ್ತೇನೆ: ಬೀಗದ ಕೈ ಸಿಗದ ಮೀಟರ್ ಕೋಣೆ, ಲೋಡ್ ಇಲ್ಲದಿದ್ದ ಫೀಡರ್, ಮುಚ್ಚಳ ತೆಗೆಯಲು ಒಪ್ಪದ ಬಾಡಿಗೆದಾರರ ಡಿಬಿ, ಫಾಲ್ಸ್ ಸೀಲಿಂಗ್ ಮೇಲಿನ ಜಾಯಿಂಟು. ಪ್ರತಿಯೊಂದರ ಎದುರು ಕಾರಣ, ಮತ್ತೆ ಯಾವಾಗ ನೋಡಬೇಕೆಂಬ ದಿನಾಂಕ. ಕೆಲವು ಮಾಲೀಕರು ಆ ಪುಟ ಬೇಡವೆನ್ನುತ್ತಾರೆ, ಆಡಿಟರ್ ಪ್ರಶ್ನೆ ಕೇಳುತ್ತಾರೆಂದು. ಕೇಳಲಿ ಎಂದೇ ಅದನ್ನು ಬರೆಯುವುದು. ಆ ಪುಟ ತೆಗೆದು ವರದಿ ಕೊಡಲು ನಾನು ಒಪ್ಪುವುದಿಲ್ಲ.